ಮೋಟರ್ ಓಡಿದ್ದು 4 ನಿಮಿಷ, ಪ್ರೋಗ್ರಾಂ ಹೇಳಿದ್ದು 17 ಗಂಟೆ

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ಡೆಮೊ. ನಮ್ಮದು ಬೋರ್‌ವೆಲ್ ಮೋಟರ್ ದಿನಕ್ಕೆ ಎಷ್ಟು ಹೊತ್ತು ಓಡಿತು ಅಂತ ಲೆಕ್ಕ ಇಡೋ ಸಣ್ಣ ಪೆಟ್ಟಿಗೆ. ಒಳಗೆ ಒಂದು ರಾಸ್ಪ್‌ಬೆರಿ ಪೈ 4, ಒಂದು ಸೆನ್ಸರ್, ಸುಮಾರು ಅರವತ್ತು ಸಾಲಿನ ಪೈಥಾನ್. ಎಕ್ಸ್‌ಟರ್ನಲ್ ಸರ್ ಎದುರಿಗೆ ಮೋಟರ್ ಆನ್ ಮಾಡಿದ್ವಿ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡೋದೇ ಮರೆತಿದೆ ಅಂತ ನಡುವೆ ನೆನಪಾಯ್ತು, ಮಾಡಿದ್ವಿ. 4 ನಿಮಿಷದ ನಂತರ ಮೋಟರ್ ಆಫ್. ಪರದೆಯ ಮೇಲೆ ಬಂದದ್ದು: 17 ಗಂಟೆ 29 ನಿಮಿಷ.

'ಏನಪ್ಪಾ, ನಿನ್ನೆಯಿಂದ ಓಡಿಸ್ತಾ ಇದೀರಾ?' ಅಂದರು ಸರ್. ನಾವು 'ಸೆನ್ಸರ್ ಲೂಸ್ ಇರಬೇಕು ಸರ್' ಅಂದೆವು. ಪಾಪ, ಸೆನ್ಸರ್‌ದು ಏನೂ ತಪ್ಪಿರಲಿಲ್ಲ. ಅದು ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ನೋಡಿದಾಗ ಗೊತ್ತಾಯ್ತು.

ಪೈ 4ರ ಬೋರ್ಡ್‌ನಲ್ಲಿ ಬ್ಯಾಟರಿ ಮೇಲೆ ನಡೆಯುವ ಗಡಿಯಾರ ಇಲ್ಲ. ಆಫ್ ಮಾಡುವಾಗ ಎಷ್ಟು ಗಂಟೆಯಾಗಿತ್ತು ಅನ್ನೋದನ್ನ ಫೈಲ್‌ನಲ್ಲಿ ಬರೆದಿಟ್ಟುಕೊಂಡು, ಮತ್ತೆ ಆನ್ ಆದಾಗ ಅಲ್ಲಿಂದಲೇ ಎಣಿಕೆ ಶುರು ಮಾಡುತ್ತೆ. ನಾವು ಹಿಂದಿನ ಸಂಜೆ 5:20ಕ್ಕೆ ಆಫ್ ಮಾಡಿದ್ವಿ, ಬೆಳಿಗ್ಗೆ 10:45ಕ್ಕೆ ಆನ್. ಪೈ ಪಾಲಿಗೆ ಆಗಿನ್ನೂ ನಿನ್ನೆ ಸಂಜೆ. ಮೋಟರ್ ಶುರುವಾದ ಹೊತ್ತನ್ನು ಅದೇ ಲೆಕ್ಕದಲ್ಲಿ ಬರೆದುಕೊಂಡಿತು. ಹಾಟ್‌ಸ್ಪಾಟ್ ಸಿಕ್ಕ ಕೂಡಲೇ ಎನ್‌ಟಿಪಿ ಸರ್ವರ್ ಹತ್ತಿರ ಸರಿಯಾದ ಸಮಯ ಕೇಳಿ 17 ಗಂಟೆ 25 ನಿಮಿಷ ಮುಂದಕ್ಕೆ ಹಾರಿತು. ಕಳೆದು ನೋಡಿದರೆ ನಮ್ಮ 4 ನಿಮಿಷದ ಜೊತೆ ಈ ಹಾರಿದ್ದೂ ಸೇರಿಕೊಂಡಿತ್ತು.

ತಪ್ಪು ಇದ್ದದ್ದು ಒಂದೇ ಕಡೆ. ನಾವು ಟೈಮ್.ಟೈಮ್() ಬಳಸಿದ್ವಿ. ಅದು ಹೇಳೋದು 1970ರ ಜನವರಿ 1ರಿಂದ (ಯುಟಿಸಿ ಪ್ರಕಾರ) ಇಲ್ಲಿಯವರೆಗೆ ಎಷ್ಟು ಸೆಕೆಂಡ್ ಅಂತ, ಅಂದರೆ 'ಈಗ ಗಂಟೆ ಎಷ್ಟು' ಅನ್ನೋ ಪ್ರಶ್ನೆಗೆ ಉತ್ತರ. ನಮಗೆ ಬೇಕಿದ್ದದ್ದು 'ಎಷ್ಟು ಹೊತ್ತಾಯ್ತು' ಅನ್ನೋದು. ಎರಡೂ ಒಂದೇ ಅಲ್ವಾ ಅನ್ನಿಸುತ್ತೆ. ಅಮ್ಮ ಗೋಡೆ ಗಡಿಯಾರ ನೋಡಿ 8:10ಕ್ಕೆ ಇಡ್ಲಿ ಬೇಯಲು ಇಟ್ಟಿದ್ದಾರೆ ಅಂದ್ಕೊಳ್ಳಿ. ನಡುವೆ ಅಪ್ಪ ಬಂದು 'ಇದು ಹತ್ತು ನಿಮಿಷ ಮುಂದಿದೆ' ಅಂತ ಮುಳ್ಳು ತಿರುಗಿಸಿ ಹೋದರು. ಗಡಿಯಾರ ಈಗ ಸರಿಯಾಗಿದೆ, ಇಡ್ಲಿ ಲೆಕ್ಕ ಮಾತ್ರ ಕೆಟ್ಟಿತು. ಕಂಪ್ಯೂಟರ್‌ನಲ್ಲಿ ಆ ಮುಳ್ಳು ತಿರುಗಿಸೋ ಅಪ್ಪ ಎನ್‌ಟಿಪಿ. ಅವರು ತಪ್ಪೇನೂ ಮಾಡ್ತಿಲ್ಲ, ಅವರ ಕೆಲಸವೇ ಅದು.

ಹಾಗಾಗಿ ಪ್ರತಿ ಆಪರೇಟಿಂಗ್ ಸಿಸ್ಟಮ್ ಇನ್ನೊಂದು ಗಡಿಯಾರವನ್ನೂ ಇಟ್ಟಿರುತ್ತೆ: ಮೊನೊಟಾನಿಕ್ ಕ್ಲಾಕ್. ಇದು ಯಾವತ್ತೂ ಹಿಂದಕ್ಕೆ ಹೋಗಲ್ಲ, ಯಾರು ತಾರೀಖು ಬದಲಿಸಿದರೂ ತಲೆ ಕೆಡಿಸಿಕೊಳ್ಳಲ್ಲ. ಪೈಥಾನ್‌ನಲ್ಲಿ ಟೈಮ್.ಮೊನೊಟಾನಿಕ್(), ಸಣ್ಣ ಅವಧಿಗಳಿಗೆ ಟೈಮ್.ಪರ್ಫ್_ಕೌಂಟರ್(). ಜಾವಾದಲ್ಲಿ ಸಿಸ್ಟಮ್.ನ್ಯಾನೋಟೈಮ್(), ಸಿ++ನಲ್ಲಿ ಸ್ಟೆಡಿ_ಕ್ಲಾಕ್. ನಂಬಿಕೆ ಬರದಿದ್ದರೆ ಹೀಗೆ ಮಾಡಿ: ಎರಡೂ ಗಡಿಯಾರ ಓದಿಕೊಂಡು 10 ಸೆಕೆಂಡ್ ಸ್ಲೀಪ್ ಕೊಡಿ, ಅಷ್ಟರಲ್ಲಿ ಲ್ಯಾಪ್‌ಟಾಪ್ ಸಮಯವನ್ನ ಕೈಯಾರೆ ಒಂದು ಗಂಟೆ ಹಿಂದಕ್ಕೆ ಹಾಕಿ. ಒಂದು ಸುಮಾರು 10 ಅನ್ನುತ್ತೆ, ಇನ್ನೊಂದು ಮೈನಸ್ 3590 ಅನ್ನುತ್ತೆ.

ಇದು ಬರೀ ನಮ್ಮಂಥ ಮಿನಿ ಪ್ರಾಜೆಕ್ಟ್ ಗಿರಾಕಿಗಳ ತಪ್ಪಲ್ಲ. 2016ರ ಕೊನೆಯಲ್ಲಿ ಜಗತ್ತಿನ ಗಡಿಯಾರಕ್ಕೆ ಒಂದು ಲೀಪ್ ಸೆಕೆಂಡ್ ಸೇರಿಸಿದರು. ನಮ್ಮಲ್ಲಿ ಆಗ 2017ರ ಜನವರಿ 1, ಬೆಳಿಗ್ಗೆ 5:30. ಆ ಹೊತ್ತಿಗೆ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ ಸಾಫ್ಟ್‌ವೇರ್ ಕೆಲವು ಸರ್ವರ್‌ಗಳಲ್ಲಿ ಬಿದ್ದುಹೋಯ್ತು. ಉತ್ತರ ಬರಲು ಎಷ್ಟು ಹೊತ್ತಾಯ್ತು ಅಂತ ಅದು ಮಾಮೂಲಿ ಗಡಿಯಾರದಲ್ಲೇ ಅಳೆಯುತ್ತಿತ್ತು. ಗಡಿಯಾರ ಒಂದು ಸೆಕೆಂಡ್ ಹಿಂದೆ ಸರಿದಾಗ ಅವಧಿ ಮೈನಸ್ ಆಯ್ತು, ಆ ಸಂಖ್ಯೆ ಹೋಗಿ ಮೈನಸ್ ಒಪ್ಪದ ರ್‍ಯಾಂಡಮ್ ಫಂಕ್ಷನ್‌ಗೆ ಬಿತ್ತು, ಪ್ರೋಗ್ರಾಂ ಪ್ಯಾನಿಕ್. ಅದು ಗೋ ಭಾಷೆಯಲ್ಲಿ ಬರೆದದ್ದು. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ಗೋ 1.9ರಲ್ಲಿ, ಟೈಮ್.ನೌ() ಕರೆದರೆ ಮೊನೊಟಾನಿಕ್ ಅಂಕಿಯೂ ಜೊತೆಗೇ ಸಿಗುವ ಹಾಗೆ ಮಾಡಿದರು.

ಇನ್ನು ಸಿ ಲ್ಯಾಬಿನ ಕ್ಲಾಕ್() ವಿಷಯ. ಸಾರ್ಟಿಂಗ್ ರೆಕಾರ್ಡ್ ಬರೆಯುವಾಗ ಎಲ್ಲರೂ ಕಣ್ಣುಮುಚ್ಚಿ ಬಳಸೋದು ಇದನ್ನೇ. ಲಿನಕ್ಸ್‌ನಲ್ಲಿ ಇದು ಅಳೆಯೋದು ನಿಮ್ಮ ಪ್ರೋಗ್ರಾಂ ಸಿಪಿಯು ಬಳಸಿದ ಸಮಯ. ಸ್ಲೀಪ್(2) ಹಾಕಿ ಅಳೆದರೆ ಹೆಚ್ಚುಕಡಿಮೆ ಸೊನ್ನೆ ಬರುತ್ತೆ. ನಾಲ್ಕು ಥ್ರೆಡ್ ನಾಲ್ಕು ಕೋರ್ ಮೇಲೆ ಒಂದು ಸೆಕೆಂಡ್ ದುಡಿದರೆ ಸುಮಾರು ನಾಲ್ಕು ಸೆಕೆಂಡ್ ಅನ್ನುತ್ತೆ. ಅದೇ ಕೋಡ್ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಓಡಿಸಿ, ಅಲ್ಲಿ ಕ್ಲಾಕ್() ಕಳೆದ ಹೊತ್ತನ್ನೇ ಕೊಡುತ್ತೆ! ಅಲ್ಗಾರಿದಮ್‌ಗೆ ಸಿಪಿಯು ಎಷ್ಟು ಹೊತ್ತು ಬೇಕಾಯ್ತು ಅನ್ನೋದಕ್ಕೆ ಲಿನಕ್ಸ್‌ನ ಕ್ಲಾಕ್() ಸರಿಯೇ. ಕಾಯುತ್ತಾ ಕೂತವರಿಗೆ ಎಷ್ಟು ಹೊತ್ತಾಯ್ತು ಅನ್ನೋದಕ್ಕಲ್ಲ. ಹಾಗೇ, ಕಳೆದು ಬಂದದ್ದನ್ನು ಡಬಲ್‌ಗೆ ಕಾಸ್ಟ್ ಮಾಡದೆ ಭಾಗಿಸಿದರೆ ಒಂದು ಸೆಕೆಂಡ್‌ಗಿಂತ ಕಡಿಮೆ ಇದ್ದದ್ದೆಲ್ಲಾ ಸೊನ್ನೆ. 'ನನ್ನ ಬಬಲ್ ಸಾರ್ಟ್ ಸೊನ್ನೆ ಸೆಕೆಂಡ್' ಅಂತ ರೆಕಾರ್ಡ್‌ನಲ್ಲಿ ಬರೆದು ಸೈನ್ ಹಾಕಿಸಿಕೊಂಡವರು ನಮ್ಮ ಬ್ಯಾಚ್‌ನಲ್ಲೇ ಇದ್ದಾರೆ, ಹೆಸರು ಬೇಡ.

ಮೊನೊಟಾನಿಕ್‌ಗೂ ಮಿತಿ ಇದೆ. ಅದರ ಸೊನ್ನೆಗೆ ಅರ್ಥವೇ ಇಲ್ಲ. ಲಿನಕ್ಸ್‌ನಲ್ಲಿ ಅದು ಬೂಟ್ ಆದಾಗಿನಿಂದ ಎಣಿಸುತ್ತೆ, ಲ್ಯಾಪ್‌ಟಾಪ್ ಸಸ್ಪೆಂಡ್ ಆದ ಹೊತ್ತನ್ನ ಸೇರಿಸಲ್ಲ. ಆ ಅಂಕಿಯನ್ನು ಫೈಲ್‌ನಲ್ಲಿಟ್ಟು, ರೀಸ್ಟಾರ್ಟ್ ಆದ ಮೇಲೆ ಕಳೆದರೆ ಬರೋದು ಕಸ. ಹಾಗಾಗಿ ನಮ್ಮ ಪೆಟ್ಟಿಗೆಯಲ್ಲಿ ಈಗ ಎರಡೂ ಇವೆ. ಮೋಟರ್ ಯಾವ ತಾರೀಖು ಓಡಿತು ಅನ್ನೋದಕ್ಕೆ ಟೈಮ್.ಟೈಮ್(), ಎಷ್ಟು ಹೊತ್ತು ಅನ್ನೋದಕ್ಕೆ ಟೈಮ್.ಮೊನೊಟಾನಿಕ್(). ಕರೆಂಟ್ ಹೋದರೆ ಪೈ ಜೊತೆ ಮೋಟರೂ ನಿಲ್ಲುತ್ತೆ, ಆದರೆ ಅಲ್ಲಿಯವರೆಗೆ ಓಡಿದ ನಿಮಿಷ ಕಳೆದುಹೋಗಬಾರದಲ್ಲ. ಅದಕ್ಕೆ 30 ಸೆಕೆಂಡ್‌ಗೊಮ್ಮೆ ಅವಧಿಯನ್ನ ಮಾತ್ರ ಫೈಲ್‌ಗೆ ಬರೀತೀವಿ. ಸೆನ್ಸರ್ ಅದೇ ಹಳೇದು.