ಪರಿಸರ, ವನ್ಯಜೀವಿ ಕಾನೂನಿನಲ್ಲಿ ಇಂಟರ್ನ್‌ಶಿಪ್: ಅರ್ಜಿ ಬರೆಯುವ ಮುನ್ನ



ಮಗ ಇಂಜಿನಿಯರಿಂಗ್ ಓದುತ್ತಾನೆ, ಮಗಳು ನರ್ಸಿಂಗ್ ಓದುತ್ತಾಳೆ ಎಂದರೆ ಮನೆಯವರಿಗೆ ದಾರಿ ಕಾಣುತ್ತದೆ. ಕಾನೂನು ಓದುವ ಮಗಳು "ರಜೆಯಲ್ಲಿ ನಾಲ್ಕು ವಾರ ಚೆನ್ನೈಗೆ ಹೋಗಬೇಕು, ಸಂಬಳ ಇಲ್ಲ, ಅರಣ್ಯ ಮತ್ತು ಪರಿಸರದ ಕೇಸುಗಳನ್ನು ನೋಡುತ್ತೇನೆ" ಎಂದಾಗ ಗಾಬರಿಯಾಗುವುದು ಸಹಜ. ಮೊದಲು ಪೋಷಕರು ತಿಳಿಯಬೇಕಾದ್ದು, ಇದು ಮಕ್ಕಳ ಹವ್ಯಾಸವಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿನವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮುಗಿಸಲೇಬೇಕು. ಒಂದು ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಮನೆಯಲ್ಲಿ ವಕೀಲರಿರುವ ಮಕ್ಕಳಿಗೆ ಈ ವಾರಗಳು ಒಂದು ಫೋನಿನಲ್ಲಿ ಸಿಗುತ್ತವೆ. ನಮ್ಮ ಮಕ್ಕಳ ಕೈಯಲ್ಲಿರುವುದು ಅರ್ಜಿ ಮಾತ್ರ.

ಟ್ರಸ್ಟಿನ ಮಕ್ಕಳು ಕಳುಹಿಸುವ ಮೊದಲು ನನಗೆ ತೋರಿಸುವ ಅರ್ಜಿಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. "ನನಗೆ ಪ್ರಕೃತಿಯ ಬಗ್ಗೆ ಅಪಾರ ಆಸಕ್ತಿ, ವನ್ಯಜೀವಿಗಳನ್ನು ಉಳಿಸುವುದು ನನ್ನ ಕನಸು, ಆದ್ದರಿಂದ ಹಸಿರು ನ್ಯಾಯಮಂಡಳಿಯಲ್ಲಿ ಅವಕಾಶ ಕೊಡಿ." ಭಾಷೆ ಸರಿ, ವಿಳಾಸ ತಪ್ಪು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2010ರ ಕಾಯ್ದೆಯಿಂದ ಬಂದದ್ದು. ಕರ್ನಾಟಕದ ಪ್ರಕರಣಗಳು ಅದರ ಚೆನ್ನೈ ಪೀಠಕ್ಕೆ ಹೋಗುತ್ತವೆ. ಜಲ, ವಾಯು, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಜೀವವೈವಿಧ್ಯ ಮುಂತಾದ ಕಾಯ್ದೆಗಳು ಅದರ ಅನುಸೂಚಿಯಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯೂ ಇಲ್ಲ. ಜಿಂಕೆ ಬೇಟೆಯ ಕೇಸು ನಡೆಯುವುದು ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಅಭಯಾರಣ್ಯದೊಳಗಿನ ರಸ್ತೆಯ ತಕರಾರು ಹೋಗುವುದು ಹೈಕೋರ್ಟಿಗೆ. ಅರ್ಜಿ ಓದುವವರು ಮೊದಲ ಸಾಲಿನಲ್ಲೇ ಇದನ್ನು ಗಮನಿಸುತ್ತಾರೆ. ಯಾವ ಬಾಗಿಲು ತಟ್ಟಬೇಕು ಎಂದು ತಿಳಿದಿರುವುದೇ ಅರ್ಧ ಅರ್ಹತೆ.

ಎರಡನೆಯದು, ಹಳೆಯ ಪುಸ್ತಕ ನಂಬಬೇಡಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿ ವನ್ಯಜೀವಿ ಕಾಯ್ದೆಯ ಆರು ಅನುಸೂಚಿಗಳು ನಾಲ್ಕಾಗಿವೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಹೆಸರೇ ಬದಲಾಗಿದೆ. ಸೆಕೆಂಡ್ ಹ್ಯಾಂಡ್ ಪುಸ್ತಕದಲ್ಲಿ ಓದುವ ನಮ್ಮ ಮಕ್ಕಳೇ ಇಲ್ಲಿ ಮೊದಲು ಎಡವುತ್ತಾರೆ. ಕಾಯ್ದೆಯ ಈಗಿನ ಪಠ್ಯ ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಇನ್ನು ಅರ್ಜಿಯ ತಿರುಳು. ಒಂದು ತೀರ್ಪನ್ನು ಪೂರ್ತಿ ಓದಿ, ಅದರ ಬಗ್ಗೆ ಒಂದು ಪ್ಯಾರಾ ಬರೆಯಿರಿ. ನಾನು ಮಕ್ಕಳಿಗೆ ಹೇಳುವುದು ಕುದುರೆಮುಖದ ತೀರ್ಪು. ಹಿಂದೆ ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. ಗಣಿಯ ಗುತ್ತಿಗೆ ಅವಧಿ 1999ರಲ್ಲೇ ಮುಗಿದಿತ್ತು. ಗಣಿ ಇದ್ದದ್ದು ಭದ್ರಾ ನದಿಯ ಮೇಲ್ಭಾಗದ ಕಾಡಿನಲ್ಲಿ. 2002ರ ಅಕ್ಟೋಬರ್ 30ರಂದು ತೀರ್ಪು ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಇದು ಹೊಸ ಮೊಕದ್ದಮೆಯಾಗಿ ಬಂದದ್ದಲ್ಲ, 1995ರಿಂದ ನಡೆಯುತ್ತಿದ್ದ ಗೋದಾವರ್ಮನ್ ಪ್ರಕರಣದೊಳಗೇ ಸಲ್ಲಿಸಿದ ಅರ್ಜಿ. ಹೀಗೇಕೆ ಎಂದು ವಿದ್ಯಾರ್ಥಿ ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆದರೆ ಸಾಕು. ಗಣಿ ಮುಚ್ಚಿದಾಗ ಅಲ್ಲಿನ ಕಾರ್ಮಿಕರ ಮನೆಗಳ ಗತಿಯೇನು ಎಂಬ ಪ್ರಶ್ನೆಯನ್ನೂ ಎತ್ತಿದರೆ ಇನ್ನೂ ಒಳ್ಳೆಯದು. ಪರಿಸರದ ಕೇಸುಗಳಲ್ಲಿ ಬಡವರು ಒಂದೇ ಕಡೆ ನಿಂತಿರುವುದಿಲ್ಲ.

ಆಮೇಲೆ ನಿಮ್ಮೂರಿನ ಒಂದು ಸಂಗತಿ. ಭೂಮಿ ನಮಗೆ ಒಪ್ಪಿಸಿದ ಅಮಾನತ್ ಎಂದು ಜುಮಾ ಖುತ್ಬಾದಲ್ಲಿ ಕೇಳುತ್ತೇವೆ. ಅದು ಮನಸ್ಸಿನಲ್ಲಿರಲಿ, ಅರ್ಜಿಯಲ್ಲಿ ಕೆಲಸ ಕಾಣಲಿ. "ನಮ್ಮ ಪಟ್ಟಣದ ಕೆರೆಗೆ ಚರಂಡಿ ನೀರು ಸೇರುತ್ತಿದೆ. ಪುರಸಭೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ, ಉತ್ತರ ಲಗತ್ತಿಸಿದ್ದೇನೆ. ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿ ಏನು ಮಾಡಬಹುದಿತ್ತು ಎಂದು ಕಲಿಯಬೇಕಿದೆ." ಹತ್ತು ರೂಪಾಯಿ ಶುಲ್ಕದ ಆ ಅರ್ಜಿ ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚು ತೂಗುತ್ತದೆ.

ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷು ಮಾತ್ರ ಕಾಲೇಜಿಗೆ ಬಂದ ಮೇಲೆ. ಈ ಕಾರಣಕ್ಕೆ ನಮ್ಮ ಮಕ್ಕಳು ಹಿಂಜರಿಯುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಅರಣ್ಯ ಇಲಾಖೆಯ ಮಹಜರು, ಸಾಕ್ಷಿಗಳ ಹೇಳಿಕೆ, ಪಹಣಿ, ಗ್ರಾಮಸಭೆಯ ನಡಾವಳಿ ಇವೆಲ್ಲ ಇರುವುದು ಕನ್ನಡದಲ್ಲಿ. ಚೆನ್ನೈಯಲ್ಲೋ ದೆಹಲಿಯಲ್ಲೋ ಕುಳಿತ ವಕೀಲರಿಗೆ ಇವನ್ನು ಸರಿಯಾಗಿ ಇಂಗ್ಲಿಷಿಗೆ ತಂದುಕೊಡುವವರು ಬೇಕೇ ಬೇಕು. "ಕನ್ನಡ ದಾಖಲೆ ಓದಿ ಸಾರಾಂಶ ಬರೆಯಬಲ್ಲೆ, ಕನ್ನಡ ಟೈಪಿಂಗ್ ಬರುತ್ತದೆ" ಎಂದು ಧೈರ್ಯವಾಗಿ ಮೇಲ್ಗಡೆಯೇ ಬರೆಯಿರಿ.

ಪತ್ರ ಒಂದು ಪುಟ ಮೀರದಿರಲಿ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬರಬಲ್ಲಿರಿ ಎಂದಿರಲಿ. ಜೊತೆಗೆ ಒಂದು ಪುಟದ ಸ್ವವಿವರ, ನೀವೇ ಬರೆದ ನಾಲ್ಕೈದು ಪುಟದ ಲೇಖನ, ಕಾಲೇಜಿನ ಅನುಮತಿ ಪತ್ರ. ಎರಡು ಮೂರು ತಿಂಗಳು ಮೊದಲೇ ಕಳುಹಿಸಿ. ಬೆಂಗಳೂರಿನಲ್ಲಿ ನ್ಯಾಷನಲ್ ಲಾ ಸ್ಕೂಲಿನ ಸೀರಾ ಕೇಂದ್ರ ಮತ್ತು ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್, ದೆಹಲಿಯಲ್ಲಿ ಲೈಫ್ ಎಂಬ ವಕೀಲರ ಸಂಸ್ಥೆ ಈ ಕ್ಷೇತ್ರದಲ್ಲಿವೆ. ಯಾವಾಗ ಅರ್ಜಿ ಕರೆಯುತ್ತಾರೆ ಎಂದು ಅವರವರ ತಾಣದಲ್ಲೇ ನೋಡಿಕೊಳ್ಳಬೇಕು. ಮೊದಲ ಸಲಕ್ಕೆ ದೂರ ಕಳುಹಿಸಲು ಮನಸ್ಸಿಲ್ಲದ ಪೋಷಕರು ತಮ್ಮ ಜಿಲ್ಲೆಯ ಕೋರ್ಟಿನಲ್ಲಿ ಅರಣ್ಯ ಪ್ರಕರಣ ನಡೆಸುವ ವಕೀಲರ ಬಳಿ ಕಳುಹಿಸಲಿ. ಕೊಡಗು, ಹಾಸನ, ಚಾಮರಾಜನಗರದ ಕಡೆಯವರಿಗೆ ಆನೆ ಹಾವಳಿ, ಬೆಳೆ ಪರಿಹಾರದ ವಿಷಯ ಮನೆಬಾಗಿಲಲ್ಲೇ ಇದೆ. ವಿಚಾರಣಾ ನ್ಯಾಯಾಲಯದ ವಕೀಲರ ಬಳಿ ಒಮ್ಮೆ ಕಲಿಯುವುದು ನಿಯಮದಂತೆಯೂ ಕಡ್ಡಾಯ.

ದಾನಿಗಳಲ್ಲಿ ಒಂದು ಮಾತು. ನಾವು ಕಾಲೇಜು ಶುಲ್ಕ ಕೊಡುತ್ತೇವೆ, ಪುಸ್ತಕ ಕೊಡುತ್ತೇವೆ. ಆಯ್ಕೆಯಾದ ಮೇಲೆ ರೈಲು ಟಿಕೆಟ್ಟು, ನಾಲ್ಕು ವಾರದ ಹಾಸ್ಟೆಲ್, ಒಂದು ಜೊತೆ ಕೋರ್ಟಿನ ಬಟ್ಟೆ, ಇವಕ್ಕೆ ನಮ್ಮ ಪಟ್ಟಿಯಲ್ಲಿ ಶೀರ್ಷಿಕೆಯೇ ಇಲ್ಲ. ಆಯ್ಕೆಯ ಪತ್ರ ಕೈಯಲ್ಲಿ ಹಿಡಿದೂ ಹೋಗಲಾಗದೆ ಉಳಿದ ಹುಡುಗಿಯೊಬ್ಬಳನ್ನು ನಾನು ಬಲ್ಲೆ. ಮುಂದಿನ ವರ್ಷದ ಆಯವ್ಯಯದಲ್ಲಿ ಈ ಖರ್ಚಿಗೆ ಒಂದು ಸಾಲು ಸೇರಿಸಬೇಕೆಂದು ಸಮಿತಿಯ ಮುಂದೆ ಕೇಳಿಕೊಂಡಿದ್ದೇನೆ. ಈ ಬಾಬತ್ತಿಗೇ ಎಂದು ಕೊಡಲು ಇಚ್ಛಿಸುವವರು ರಸೀದಿಯಲ್ಲಿ ಹಾಗೆಂದು ಬರೆಸಬಹುದು.