ನಿತ್ಯದ ನಡಿಗೆ ಮತ್ತು ಒಡಲೊಳಗಿನ ಕೊಬ್ಬು

ದಿನವೂ ನಡೆಯಬೇಕೆಂದು ಸಂಕಲ್ಪ ಮಾಡಿದವರಲ್ಲಿ ಅನೇಕರು ಎರಡು ಮೂರು ತಿಂಗಳೊಳಗೇ ಅದನ್ನು ಕೈಬಿಡುತ್ತಾರೆ. ಕಾರಣ ಕೇಳಿದರೆ, "ಇಷ್ಟು ನಡೆದರೂ ತೂಕ ಇಳಿಯಲಿಲ್ಲ" ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ನಡಿಗೆಯ ಫಲವನ್ನು ತೂಕದ ಯಂತ್ರದ ಮೇಲೆ ಮಾತ್ರ ಹುಡುಕಿದ್ದರಿಂದ ಅವರಿಗೆ ನಿರಾಶೆಯಾಗಿದೆ.

ಲೆಕ್ಕವನ್ನೊಮ್ಮೆ ನೋಡೋಣ. ಸುಮಾರು 60 ಕಿಲೋ ತೂಕದ ವ್ಯಕ್ತಿ ಅರ್ಧ ಗಂಟೆ ಬಿರುಸಾಗಿ ನಡೆದರೆ ಹೆಚ್ಚುಕಡಿಮೆ 100 ಕಿಲೋಕ್ಯಾಲೊರಿ ಶಕ್ತಿ ವ್ಯಯವಾಗುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿಯೋ ಸುಮಾರು 7,700 ಕಿಲೋಕ್ಯಾಲೊರಿ. ಅಂದರೆ ಆಹಾರ ಕಿಂಚಿತ್ತೂ ಹೆಚ್ಚದಿದ್ದರೂ ಒಂದು ಕಿಲೋ ಕರಗಲು ಎರಡೂವರೆ ತಿಂಗಳು ಬೇಕು. ನಡೆದು ಬಂದ ಹಸಿವಿನಲ್ಲಿ ಎರಡು ಚಮಚ ತುಪ್ಪವನ್ನು ಹೆಚ್ಚಾಗಿ ಬಡಿಸಿಕೊಂಡರೆ ಅಂದಿನ ಗಳಿಕೆ ಅಲ್ಲಿಗೇ ಮುಗಿಯಿತು. ತೂಕ ಇಳಿಯಬೇಕೆಂಬುವರು ನಡಿಗೆಯೊಡನೆ ತಟ್ಟೆಯ ಕಡೆಗೂ ಗಮನ ಕೊಡದೆ ವಿಧಿಯಿಲ್ಲ.

ಹಾಗಾದರೆ ನಡೆಯುವುದು ವ್ಯರ್ಥವೇ? ಅಲ್ಲ. ದೇಹದ ಕೊಬ್ಬೆಲ್ಲವೂ ಒಂದೇ ಬಗೆಯದಲ್ಲ. ಚರ್ಮದ ಕೆಳಗೆ ಇರುವ ಕೊಬ್ಬು ಕೈಗೆ ಸಿಗುತ್ತದೆ, ಕಣ್ಣಿಗೆ ಕಾಣುತ್ತದೆ. ಅದು ಅಷ್ಟು ಅಪಾಯಕಾರಿಯಲ್ಲ. ಕರುಳು, ಯಕೃತ್ತು ಮುಂತಾದ ಅಂಗಗಳ ಸುತ್ತ, ಹೊಟ್ಟೆಯ ಒಳಗೆ ಶೇಖರವಾಗುವ ಕೊಬ್ಬು ಬೇರೆ ಜಾತಿಯದು. ಅದರಿಂದ ಹೊರಬೀಳುವ ಮೇದಾಮ್ಲಗಳಲ್ಲಿ ಬಹುಪಾಲು ರಕ್ತದ ಮೂಲಕ ನೇರವಾಗಿ ಯಕೃತ್ತನ್ನು ಸೇರಿ, ಇನ್ಸುಲಿನ್ನಿನ ಕೆಲಸವನ್ನು ಕುಂಠಿತಗೊಳಿಸುತ್ತವೆ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ಈ ಒಳಗೊಬ್ಬಿನ ನಂಟು ಹೆಚ್ಚು. ನಿಯಮಿತ ನಡಿಗೆಗೆ ಮೊದಲು ಮಣಿಯುವುದೂ ಬಹುಮಟ್ಟಿಗೆ ಇದೇ. ತೂಕ ಇದ್ದಷ್ಟೇ ಇದ್ದು, ಒಳಗಿನ ಕೊಬ್ಬು ಮಾತ್ರ ಕಡಿಮೆಯಾಗುವುದುಂಟು.

ತೂಕವನ್ನು ನಂಬಿ ಮೋಸಹೋಗುವ ಸಂಭವ ಭಾರತೀಯರಿಗೆ ಇನ್ನೂ ಅಧಿಕ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಲ್ಲೂ 22.3. ಆದರೆ ಕೊಬ್ಬಿನ ಅಂಶ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ಕೃಶವಾಗಿ ಕಾಣುವ ಶರೀರದಲ್ಲಿಯೂ ಕೊಬ್ಬು ಅಡಗಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದ್ದರಿಂದ ಅಳೆಯಬೇಕಾದದ್ದು ಹೊಟ್ಟೆಯ ಸುತ್ತಳತೆಯನ್ನು. ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬಾರದು. ನಮ್ಮವರಲ್ಲಿ ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕು. ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ ನಡಿಗೆಯ ಫಲ ತಿಳಿಯುತ್ತದೆ.

ಸುತ್ತಳತೆಯೊಂದೇ ಪ್ರಮಾಣವೆಂದೂ ಭಾವಿಸಬೇಕಾಗಿಲ್ಲ. 1950ರ ದಶಕದಲ್ಲಿ ಜೆರೆಮಿ ಮಾರಿಸ್ ಲಂಡನ್ನಿನ ಬಸ್ ನೌಕರರನ್ನು ಅಧ್ಯಯನ ಮಾಡಿ, ಸದಾ ಕುಳಿತಿರುವ ಚಾಲಕರಿಗಿಂತ ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ಕಂಡುಕೊಂಡರು. ಸಮವಸ್ತ್ರದ ಅಳತೆ ತೆಗೆದಾಗ ಚಾಲಕರ ಷರಾಯಿಗಳ ಸೊಂಟವೇ ದೊಡ್ಡದಾಗಿತ್ತು. ಒಂದೇ ಅಳತೆಯ ಸೊಂಟದವರನ್ನು ಹೋಲಿಸಿದಾಗಲೂ ನಿರ್ವಾಹಕರೇ ಹೆಚ್ಚು ಸುರಕ್ಷಿತರಾಗಿದ್ದರು.

ಎಷ್ಟು ನಡೆಯಬೇಕು? ಹತ್ತು ಸಾವಿರ ಹೆಜ್ಜೆ ಎಂಬ ಮಾತು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹರಡಿದ್ದು. ಅದೇನೂ ವೈದ್ಯಶಾಸ್ತ್ರದ ವಿಧಿಯಲ್ಲ. ವಾರಕ್ಕೆ 150 ನಿಮಿಷಗಳಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು: ಅಂಥ ವೇಗ ಸಾಕು. ಊಟದ ಬಳಿಕ ಹತ್ತು ಹದಿನೈದು ನಿಮಿಷ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುವುದರಿಂದ ಅದರ ಏರಿಕೆ ತಗ್ಗುತ್ತದೆ.

ನಡೆಯುವಾಗ ಎದೆ ಬಿಗಿದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯನ್ನೋ ಬೆಲ್ಲವನ್ನೋ ಇರಿಸಿಕೊಳ್ಳತಕ್ಕದ್ದು. ಪಾದಗಳ ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಕೂಡದು. ಮನೆಗೆ ಮರಳಿದೊಡನೆ ಅಂಗಾಲನ್ನು ಪರೀಕ್ಷಿಸಿಕೊಳ್ಳಬೇಕು.