ಚಿಕ್ಕ ತರಗತಿಗಳಲ್ಲಿ ಈ ಅವಧಿಯ ಪಾಠಗಳು

ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿ ಅನೇಕರು ಈಗ ತಾಯಂದಿರಾಗಿ ತಮ್ಮ ಮಕ್ಕಳನ್ನು ಇಲ್ಲಿಯ ಒಂದನೆಯ ತರಗತಿಗೆ ಕಳುಹಿಸುತ್ತಿದ್ದಾರೆ. ಶಾಲೆ ತೆರೆದು ಇಷ್ಟು ದಿನಗಳಾದರೂ ಮಗುವಿಗೆ ಅ ಆ ಇ ಈ ಪೂರ್ತಿಯಾಗಿ ಬಾರದು, ಪುಸ್ತಕದಲ್ಲಿ ಬರೆದುದೂ ಸ್ವಲ್ಪವೇ ಎಂದು ಕೆಲವರು ಚಿಂತಿಸುವುದುಂಟು. ಆ ಚಿಂತೆ ಸಹಜವಾದುದು. ಆದುದರಿಂದ ಚಿಕ್ಕ ತರಗತಿಗಳಲ್ಲಿ ಈ ಅವಧಿಯಲ್ಲಿ ಏನು ಕಲಿಸುತ್ತಿದ್ದೇವೆ, ಏತಕ್ಕಾಗಿ ಹಾಗೆ ಕಲಿಸುತ್ತಿದ್ದೇವೆ ಎಂಬುದನ್ನು ಇಲ್ಲಿ ವಿವರಿಸುವುದು ಉಚಿತವೆಂದು ಭಾವಿಸುತ್ತೇವೆ.

ಒಂದನೆಯ ತರಗತಿಯಲ್ಲಿ ನಾವು ಮೊದಲು ಕಲಿಸುವ ಅಕ್ಷರಗಳು ರ, ಗ, ಸ, ದ, ಅ ಎಂಬ ಐದು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯ ಮೂಲಕ ಈ ಕ್ರಮವು ನಾಡಿನ ಶಾಲೆಗಳಿಗೆ ಪರಿಚಿತವಾಗಿದೆ. ಈ ಐದು ಅಕ್ಷರಗಳು ಬಂದೊಡನೆಯೇ ಮಗುವು ಸರ, ಅರಸ, ಅಗಸ ಎಂಬ ಮಾತುಗಳನ್ನು ತಾನಾಗಿ ಓದಬಲ್ಲದು. ಸ್ವರಗಳನ್ನಷ್ಟೇ ಕಲಿತ ಮಗುವಿಗಾದರೋ ಓದಲು ಮಾತುಗಳು ದೊರೆಯುವುದು ಬಹಳ ಕಡಿಮೆ. ಧ್ವನಿಗಳು ಹುಟ್ಟುವ ಸ್ಥಾನವನ್ನನುಸರಿಸಿ ಪೂರ್ವಿಕರು ಜೋಡಿಸಿದ ವರ್ಣಮಾಲೆಯನ್ನು ನಾವು ಕೈಬಿಟ್ಟಿಲ್ಲ. ಅಕ್ಷರಗಳ ಪರಿಚಯವಾದ ಬಳಿಕ ಅದನ್ನೂ ಕ್ರಮವಾಗಿ ಹೇಳಿಸುತ್ತೇವೆ.

ಎರಡನೆಯ ತರಗತಿಯಲ್ಲಿ ಗುಣಿತಾಕ್ಷರ, ಒತ್ತಕ್ಷರಗಳ ಅಭ್ಯಾಸ ನಡೆದಿದೆ. ಬಳೆ–ಬಾಳೆ, ಹಲ್ಲಿ–ಹಳ್ಳಿ, ಅಕ್ಕಿ–ಹಕ್ಕಿ ಮುಂತಾದ ಜೋಡಿಗಳನ್ನು ಚಿತ್ರದೊಡನೆ ತೋರಿಸಿದಾಗ, ಒಂದು ದೀರ್ಘ ಅಥವಾ ಒಂದು ಅಕ್ಷರ ಬದಲಾದರೆ ಅರ್ಥವೇ ಬದಲಾಗುವುದೆಂದು ಮಕ್ಕಳು ಕಂಡುಕೊಳ್ಳುತ್ತಾರೆ. ಕೆಲವು ಮನೆಗಳ ಮಾತಿನಲ್ಲಿ ಹಕಾರದ ಉಚ್ಚಾರವಿಲ್ಲ. ಅಂಥ ಮಗುವು ‘ಹಾಲು’ ಎಂಬುದನ್ನು ‘ಆಲು’ ಎಂದರೆ ನಾವು ನಗುವುದಿಲ್ಲ, ಇತರರನ್ನು ನಗಗೊಡುವುದೂ ಇಲ್ಲ. ಮನೆಯ ಮಾತು ತಪ್ಪಲ್ಲ. ಬರಹದ ಮಾತನ್ನು ಅದರ ಜೊತೆಗೆ ಕಲಿಯಬೇಕು, ಅಷ್ಟೆ. ಒಮ್ಮೆ ನಗೆಗೀಡಾದ ಮಗುವು ಬಾಯಿ ತೆರೆಯಲೇ ಅಂಜುತ್ತದೆ.

ಲೆಕ್ಕದಲ್ಲಿ ಈಗ ಹತ್ತರ ಕಟ್ಟುಗಳ ಪಾಠ. ಇಪ್ಪತ್ತಮೂರು ಬರೆಯೆಂದರೆ ಅನೇಕ ಮಕ್ಕಳು ೨೦೩ ಎಂದು ಬರೆಯುತ್ತಾರೆ. ಇದು ದಡ್ಡತನವಲ್ಲ, ಇಪ್ಪತ್ತು, ಮೂರು ಎಂದು ಕಿವಿಗೆ ಕೇಳಿದುದನ್ನು ಹಾಗೆಯೇ ಬರೆದಿದ್ದಾರೆ. ಹತ್ತು ಹತ್ತು ಕಡ್ಡಿಗಳ ಎರಡು ಕಟ್ಟುಗಳನ್ನು ತಾವೇ ಕಟ್ಟಿ, ಮೂರು ಬಿಡಿ ಕಡ್ಡಿಗಳನ್ನು ಬಲಗಡೆ ಇಟ್ಟಾಗ ಸ್ಥಾನಬೆಲೆಯು ತಾನಾಗಿ ತಿಳಿಯುತ್ತದೆ. ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತೇವೆ. ಆದರೆ ಹುಣಸೆಬೀಜಗಳನ್ನು ಎರಡೆರಡಾಗಿ ಜೋಡಿಸಿ ಎಣಿಸಿದ ಮೇಲೆ.

ತಾಯಿತಂದೆಗಳು ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆಯುಂಟು. ಬಾಲಕಿಯು ಪಾಠವನ್ನು ಸರಾಗವಾಗಿ ಓದಿ ಮುಗಿಸಿದ ಮೇಲೆ ಪುಟದ ನಡುವಿನ ಒಂದು ಮಾತನ್ನು ತೋರಿಸಿ ‘ಇದೇನು?’ ಎಂದು ಕೇಳಿರಿ. ಅದನ್ನು ಹೇಳಲು ಅವಳು ಮೊದಲನೆಯ ಸಾಲಿನಿಂದಲೇ ಆರಂಭಿಸಬೇಕಾದರೆ, ಅವಳು ಓದುತ್ತಿಲ್ಲ, ಬಾಯಿಪಾಠವನ್ನು ಒಪ್ಪಿಸುತ್ತಿದ್ದಾಳೆ. ಇಂಥ ಬಾಲಕಿಯರು ಅನೇಕ ವೇಳೆ ಶಾಂತರೂ ವಿಧೇಯರೂ ಆಗಿರುವುದರಿಂದ ಬಹುಕಾಲ ಯಾರ ಗಮನಕ್ಕೂ ಬಾರದೆ ಇರಬಹುದು. ಮೂರನೆಯ ತರಗತಿಯಿಂದ ಮೇಲಕ್ಕೆ ಪರಿಸರ, ಗಣಿತ ಮೊದಲಾದ ಪ್ರತಿಯೊಂದು ಪಾಠವನ್ನೂ ತಾನೇ ಓದಿ ತಿಳಿಯಬೇಕಾಗುತ್ತದೆ. ಆಗ ಅವಳು ಒಂದು ವಿಷಯದಲ್ಲಲ್ಲ, ಎಲ್ಲ ವಿಷಯಗಳಲ್ಲಿಯೂ ಹಿಂದೆ ಬೀಳುತ್ತಾಳೆ. ೨೦೨೧ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ‘ನಿಪುಣ ಭಾರತ’ ಯೋಜನೆಯೂ ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿಯೊಂದು ಮಗುವಿಗೂ ಅರ್ಥ ತಿಳಿದು ಓದುವುದು, ಸರಳ ಲೆಕ್ಕ ಮಾಡುವುದು ಬರಬೇಕೆಂಬ ಗುರಿಯನ್ನಿಟ್ಟಿದೆ.

ಆದಕಾರಣ ನಮ್ಮ ವಿನಂತಿಯಿಷ್ಟು. ರಾತ್ರಿ ನಿದ್ದೆಗೆಡಿಸಿ ಪುಟಗಟ್ಟಲೆ ನಕಲು ಬರೆಯಿಸಬೇಡಿರಿ. ಎಳೆಯ ಬೆರಳುಗಳು ಬೇಗ ದಣಿಯುತ್ತವೆ. ದಾರಿಯಲ್ಲಿ ಕಾಣುವ ಅಂಗಡಿಯ ಹಲಗೆಯನ್ನೂ ಬಸ್ಸಿನ ಮೇಲಿನ ಊರ ಹೆಸರನ್ನೂ ಓದಿಸಿರಿ. ಊಟದ ಹೊತ್ತಿನಲ್ಲಿ ತಟ್ಟೆಲೋಟಗಳನ್ನು ಎಣಿಸಿ ಇಡಲು ಹೇಳಿರಿ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಮಗಳು ತಡವರಿಸಿದರೆ ಅವಳನ್ನು ಗದರಿಸದೆ, ನೆರೆಮನೆಯ ಮಗುವಿನೊಡನೆ ಹೋಲಿಸದೆ, ತರಗತಿಯ ಉಪಾಧ್ಯಾಯಿನಿಯರಿಗೆ ತಿಳಿಸಿರಿ. ಮಗುವು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಮತ್ತೆ ಆರಂಭಿಸುವುದು ನಮ್ಮ ಕೆಲಸ. ತಮಗೆ ಓದು ಬಾರದೆಂದು ಸಂಕೋಚಪಡುವ ತಾಯಂದಿರೂ ಇದ್ದಾರೆ. ಅವರು ದಿನಕ್ಕೆ ಹತ್ತು ನಿಮಿಷ ಮಗಳನ್ನು ಹತ್ತಿರ ಕುಳ್ಳಿರಿಸಿಕೊಂಡು ಅವಳು ಓದುವುದನ್ನು ಕೇಳಿ, ಕಥೆಯಲ್ಲಿ ಮುಂದೇನಾಯಿತೆಂದು ವಿಚಾರಿಸಿದರೆ ಸಾಕು. ಅದರಿಂದ ನಮಗೆ ಬಹಳ ಸಹಾಯವಾಗುವುದು.